ಒಂದೇ ರಾತ್ರಿಯಲ್ಲಿ ಮೀನುಗಳು ಸತ್ತದ್ದೇಕೆ?

ನಮ್ಮ ಹಳಿಯಾಳವು ಸಮುದ್ರದ ಊರಲ್ಲ. ಉತ್ತರ ಕನ್ನಡ ಜಿಲ್ಲೆಯೆಂದ ಕೂಡಲೆ ಪರಸ್ಥಳದವರು ಕಾರವಾರದ ಕಡಲನ್ನು ನೆನೆಯುವರು. ಆದರೆ ಘಟ್ಟದ ಮೇಲಿನ ಈ ತಾಲೂಕು ಧಾರವಾಡದ ಕಡೆಗೆ ಮುಖಮಾಡಿಕೊಂಡಿದೆ. ಇಲ್ಲಿ ಭತ್ತವುಂಟು, ಕಬ್ಬುಂಟು, ತೇಗದ ಕಾಡುಂಟು, ಕೆರೆಗಳುಂಟು. ತೆರೆಗಳ ಸಪ್ಪಳ ಮಾತ್ರ ಇಲ್ಲ. ಕಡಲನ್ನು ಕಾಣಬೇಕೆಂದರೆ ಕಾಡುಗಳನ್ನು ದಾಟಿ ಘಟ್ಟವನ್ನಿಳಿಯಬೇಕು. ಇಂಥ ಊರಿನಲ್ಲಿ ನನ್ನ ಮಗನು ತನ್ನ ಮನೆಯ ಪಡಸಾಲೆಯಲ್ಲಿ ಒಂದು ಸಮುದ್ರವನ್ನು ತಂದಿರಿಸಿದ್ದಾನೆಂದರೆ ವಾಚಕರು ನಗಬಹುದು. ಆದರೆ ಅದು ನಿಜ. ಗಾಜಿನ ತೊಟ್ಟಿಯೊಂದರಲ್ಲಿ ಉಪ್ಪುನೀರು, ಆ ನೀರಿನಲ್ಲಿ ಹವಳದ ದಿಬ್ಬಗಳ ಬಣ್ಣಬಣ್ಣದ ಮೀನುಗಳು. ಇದಕ್ಕೆ ಅಕ್ವೇರಿಯಂ ಎಂದು ಹೆಸರು. ಆ ತೊಟ್ಟಿಯಲ್ಲಿ ಕಳೆದ ಮಳೆಗಾಲದ ಒಂದು ರಾತ್ರಿ ನಡೆದುಹೋದ ಅನಾಹುತವನ್ನೂ, ಅದರ ಕಾರಣವನ್ನು ಹುಡುಕಿದ ಬಗೆಯನ್ನೂ ಇಲ್ಲಿ ನಿವೇದಿಸುವೆನು. ಮೀನು ಸಾಕದವರೂ ಇದನ್ನೋದಬಹುದು. ಏಕೆಂದರೆ ಕಾರಣವನ್ನು ಹುಡುಕುವಲ್ಲಿ ನಾನು ಮಾಡಿದ ತಪ್ಪು ಮೀನಿನ ವಿಷಯದಲ್ಲಿ ಮಾತ್ರ ಆಗತಕ್ಕದ್ದಲ್ಲ.

ತೊಟ್ಟಿಯ ಅಳತೆಯನ್ನು ಮೊದಲು ಹೇಳುತ್ತೇನೆ. ಮುಂದೆ ಲೆಕ್ಕಕ್ಕೆ ಬೇಕಾಗುವದು. ಉದ್ದ ಮೂರು ಅಡಿ, ಅಗಲ ಒಂದೂವರೆ, ಎತ್ತರ ಒಂದೂವರೆ. ಕಲ್ಲು ಮರಳುಗಳು ಹಿಡಿದ ಸ್ಥಳವನ್ನೂ ಮೇಲೆ ಬಿಟ್ಟ ಅಂತರವನ್ನೂ ಕಳೆದರೆ ಸುಮಾರು ೧೫೦ ಲೀಟರು ನೀರು ನಿಲ್ಲುತ್ತದೆ. ನೀರನ್ನು ಕಡಲಿನಿಂದ ತಂದದ್ದಲ್ಲ. ಕಡಲುಪ್ಪಿನ ಮಿಶ್ರಣವು ಪೊಟ್ಟಣಗಳಲ್ಲಿ ದೊರೆಯುತ್ತದೆ. ಲೀಟರಿಗೆ ಸುಮಾರು ೩೫ ಗ್ರಾಮಿನಂತೆ ಅದನ್ನು ಶುದ್ಧವಾದ ಸಿಹಿನೀರಿನಲ್ಲಿ ಕರಗಿಸಿದರೆ ಕಡಲನೀರಿಗೆ ಸಮನಾದ ನೀರಾಗುವದು. ನೀರು ತಿರುಗಾಡುತ್ತಿರಲೆಂದು ಒಂದು ಪಂಪು, ಕೊಳೆಯನ್ನು ತಡೆಯಲೆಂದು ಒಂದು ಶೋಧಕ, ಗಾಳಿಯ ಗುಳ್ಳೆಗಳನ್ನೆಬ್ಬಿಸಲು ಒಂದು ಚಿಕ್ಕ ಯಂತ್ರ. ಇವೆಲ್ಲ ವಿದ್ಯುತ್ತಿನಿಂದ ನಡೆಯತಕ್ಕವು. ವಾಸಿಗಳೆಂದರೆ ಕಿತ್ತಳೆ ಮೈಗೆ ಬಿಳಿಯ ಪಟ್ಟೆಯುಳ್ಳ ಎರಡು ಕ್ಲೌನ್ ಮೀನುಗಳು, ಮೂರು ನೀಲಿಯ ಡ್ಯಾಮ್ಸೆಲ್ ಮೀನುಗಳು, ಮತ್ತು ಸತ್ತ ಶಂಖದ ಹುಳುವಿನ ಮನೆಯಲ್ಲಿ ತಾನು ಹೊಕ್ಕುಕೊಂಡು ಅದನ್ನೇ ಹೊತ್ತು ತಿರುಗುವ ಒಂದು ಏಡಿ. ಎರಡು ವರ್ಷಗಳಿಂದ ಇವೆಲ್ಲ ಸುಖವಾಗಿದ್ದವು. ಹತ್ತು ವರ್ಷದ ನನ್ನ ಮೊಮ್ಮಗನು ಐದು ಮೀನುಗಳಿಗೂ ಹೆಸರಿಟ್ಟಿದ್ದನು.

ನಾನು ಬೇರೆ ಓಣಿಯಲ್ಲಿ ಹಳೆಯ ಮನೆಯಲ್ಲಿರುವವನು. ಕಳೆದ ಆಷಾಢದಲ್ಲಿ ಹಂಚು ಸೋರತೊಡಗಿದ್ದರಿಂದ ಮಗನ ಮನೆಗೆ ಬಂದು ಉಳಿದಿದ್ದೆನು. ಬಂದು ಹದಿನೈದು ದಿನಗಳಾಗಿರಬಹುದು. ಒಂದು ಬೆಳಗಿನ ಜಾವ ಮೊಮ್ಮಗನು ಬಂದು ನನ್ನನ್ನು ಅಲುಗಾಡಿಸಿ ಎಬ್ಬಿಸಿದನು. ಮಾತು ಹೊರಡಲೊಲ್ಲದು, ಕೈ ಹಿಡಿದು ಎಳೆದುಕೊಂಡು ಹೋದನು. ಮೂರು ನೀಲಿ ಮೀನುಗಳೂ ದೊಡ್ಡ ಕ್ಲೌನ್ ಮೀನೂ ಮರಳಿನ ಮೇಲೆ ಅಡ್ಡಬಿದ್ದಿದ್ದವು. ಬಾಯಿ ತೆರೆದಿತ್ತು, ಕಿವಿರುಗಳು ಅಗಲವಾಗಿ ಅರಳಿದ್ದವು. ಚಿಕ್ಕ ಕ್ಲೌನ್ ಮೀನೊಂದೇ ನೀರಿನ ಮೇಲ್ಭಾಗದಲ್ಲಿ ಮೂಲೆಗೆ ಅಂಟಿಕೊಂಡು ಬಾಯಿಯನ್ನು ಆಡಿಸುತ್ತಿತ್ತು. ಏಡಿಯು ಎಲ್ಲಕ್ಕೂ ಎತ್ತರದ ಕಲ್ಲಿನ ತುದಿಗೆ ಏರಿ ಕುಳಿತಿತ್ತು. ಹಿಂದಿನ ಸಂಜೆ ಎಲ್ಲವೂ ಓಡಾಡುತ್ತಿದ್ದುದನ್ನು ನಾವು ಕಂಡಿದ್ದೆವು.

ಇಂಥ ಸಮಯದಲ್ಲಿ ಮನುಷ್ಯನ ಬುದ್ಧಿಯು ಮೊದಲು ಕಾರಣವನ್ನು ಹುಡುಕುವದಿಲ್ಲ, ಅಪರಾಧಿಯನ್ನು ಹುಡುಕುವದು. ಪಡಸಾಲೆಯಲ್ಲಿ ಇನ್ನೂ ಫಿನೈಲಿನ ವಾಸನೆಯಿತ್ತು. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು, ಹುಡುಗರು ಆಕೆಯನ್ನು ಮಾವಶಿ ಎಂದು ಕರೆಯುವರು, ಹಿಂದಿನ ಸಂಜೆ ನೆಲವನ್ನು ಒರೆಸಿಹೋಗಿದ್ದಳು. ಆಕೆ ಎಂದಿನಂತೆ ಏಳು ಗಂಟೆಗೆ ಬಂದಳು. ಸೊಸೆಯು ಏನನ್ನೂ ಅನ್ನಲಿಲ್ಲ, ಮಗನೂ ಅನ್ನಲಿಲ್ಲ. ಮನೆಯಲ್ಲಿ ಹಿರಿಯನಾದ ನಾನೇ, “ಒರೆಸುವ ನೀರನ್ನು ತೊಟ್ಟಿಗೆ ಸಿಡಿಸಿದೆಯೇನವ್ವಾ?” ಎಂದು ಕೇಳಿಬಿಟ್ಟೆನು. ಕೇಳಿದ ಧ್ವನಿಯು ಕೇಳುವ ಧ್ವನಿಯಾಗಿರಲಿಲ್ಲ. ಆಕೆ ತೊಟ್ಟಿಯ ಕಡೆಗೊಮ್ಮೆ, ಅಳುತ್ತಿದ್ದ ಹುಡುಗನ ಕಡೆಗೊಮ್ಮೆ ನೋಡಿ, “ಅಜ್ಜಾರ, ಎರಡು ವರ್ಷ ಆತ್ರಿ, ಇದನ್ನ ಹಾಕಿ ಇಲ್ಲೇ ವರಸಾಕತ್ತೇನಿ” ಎಂದಷ್ಟೇ ನುಡಿದು ಕೆಲಸ ಮುಗಿಸಿ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಾನು ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟವನು. ಕಾಕತಾಳೀಯ ನ್ಯಾಯವನ್ನು ಎಷ್ಟು ಸಾರೆ ವಿವರಿಸಿದ್ದೇನೋ ಲೆಕ್ಕವಿಲ್ಲ. ಕಾಗೆಯು ತಾಳೆಯ ಮರದ ಮೇಲೆ ಬಂದು ಕುಳಿತುಕೊಳ್ಳುವದಕ್ಕೂ ಹಣ್ಣು ಉದುರುವದಕ್ಕೂ ಒಂದೇ ಗಳಿಗೆ. ಅಷ್ಟರಿಂದಲೇ ಕಾಗೆಯು ಹಣ್ಣನ್ನು ಬೀಳಿಸಿತೆಂದು ಹೇಳಬಾರದು. ಸಂಜೆ ಫಿನೈಲು, ಬೆಳಿಗ್ಗೆ ಸಾವು. ಇದಕ್ಕಿಂತ ಸ್ಪಷ್ಟವಾದ ಕಾಕತಾಳೀಯವನ್ನು ನಾನು ಪಾಠದಲ್ಲಿಯೂ ಕೊಟ್ಟಿರಲಾರೆನು. ಆದರೂ ಆ ಬೆಳಿಗ್ಗೆ ಅದು ನನಗೆ ಹೊಳೆಯಲಿಲ್ಲ. ಆಕೆ ಆಡಿದ ಒಂದೇ ಮಾತಿನಲ್ಲಿ ಪೂರ್ತಿ ಉತ್ತರವಿತ್ತೆಂಬದೂ ಹೊಳೆಯಲಿಲ್ಲ.

ನನ್ನ ಹಳೆಯ ಶಿಷ್ಯನೊಬ್ಬನು ಕಾರವಾರದಲ್ಲಿ ಸಮುದ್ರಜೀವಶಾಸ್ತ್ರವನ್ನು ಓದಿದವನು. ಕರ್ನಾಟಕ ವಿಶ್ವವಿದ್ಯಾಲಯದ ಆ ವಿಭಾಗವು ಕಾರವಾರದಲ್ಲಿರುವದನ್ನು ಜಿಲ್ಲೆಯ ವಾಚಕರು ಬಲ್ಲರು. ಮಗನು ಅವನಿಗೆ ದೂರವಾಣಿಯಲ್ಲಿ ಸುದ್ದಿಯನ್ನು ತಿಳಿಸಿ ನನ್ನ ಕೈಗೆ ಕೊಟ್ಟನು. ಯಾವ ಔಷಧವನ್ನು ಹಾಕಬೇಕೆಂದು ಕೇಳಿದೆನು. “ಸರ, ಔಷಧ ಆಮ್ಯಾಲೆ ನೋಡೂಣ್ರಿ. ಏಡಿ ಬದುಕೇದೇನ್ರಿ?” ಎಂದು ಅವನು ಕೇಳಿದನು. ಬದುಕಿದೆ ಎಂದೆನು. “ಹಂಗಾರ ವಿಷದ ಮಾತು ಬಿಡ್ರಿ” ಎಂದನು.

ಏಡಿಯ ಸಾಕ್ಷ್ಯಕ್ಕೆ ಇಷ್ಟು ಬೆಲೆ ಏಕೆಂದು ಅವನು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮಳೆಗಾಲದಲ್ಲಿ ನಾವೆಲ್ಲರೂ ಮನೆಯಲ್ಲಿ ಸೊಳ್ಳೆಗಾಗಿ ಬತ್ತಿಯನ್ನೋ ದ್ರವದ ಯಂತ್ರವನ್ನೋ ಉರಿಸುತ್ತೇವೆ. ಅವುಗಳಲ್ಲಿರುವದು ಬಹುಮಟ್ಟಿಗೆ ಪೈರೆಥ್ರಾಯ್ಡ್ ಎಂಬ ಜಾತಿಯ ಕೀಟವಿಷ. ಮನುಷ್ಯನಿಗೆ ಅದರ ಬಾಧೆ ಕಡಿಮೆ; ಮೀನುಗಳಿಗೆ ಘೋರ; ಏಡಿ ಸಿಗಡಿಗಳಿಗಂತೂ ಅತಿಘೋರ, ಏಕೆಂದರೆ ಅವು ಕೀಟಗಳ ಹತ್ತಿರದ ಬಳಗ. ತಾಮ್ರದ ಅಂಶವು ನೀರಿಗಿಳಿದರೂ ಹಾಗೆಯೇ: ಮೀನು ತಾಳಿಕೊಂಡ ಪ್ರಮಾಣವನ್ನು ಏಡಿ ಬಸವನಹುಳುಗಳು ತಾಳಲಾರವು. ಆದಕಾರಣ ಮೀನುಗಳು ಸತ್ತು ಏಡಿಯು ಬದುಕಿದ್ದರೆ, ನೀರಿಗೆ ಬಿದ್ದದ್ದು ಇಂಥ ವಿಷವಲ್ಲವೆಂದು ತಿಳಿಯಬೇಕು. ಇನ್ನು ಫಿನೈಲಿನ ಮಾತು. ಅದು ನೀರಿಗೆ ಬಿದ್ದರೆ ಮೀನಿಗೆ ವಿಷವೆಂಬದು ನಿಜ. ಆದರೆ ಎರಡು ವರ್ಷಗಳ ಕಾಲ ಅದೇ ಕೈ, ಅದೇ ಫಿನೈಲು, ಅದೇ ನೆಲ. ಒಂದು ಮೀನಾದರೂ ಸತ್ತಿರಲಿಲ್ಲ. ಇದನ್ನೇ ಆಕೆ ಹೇಳಿದ್ದಳು.

ರೋಗವಿರಬಹುದೆ ಎಂದು ಕೇಳಿದೆನು. ಕಡಲ ಮೀನುಗಳಿಗೆ ಬೇಗನೆ ಕೊಲ್ಲುವ ರೋಗಗಳುಂಟು. ಮೈಮೇಲೆ ಹೊಂಬಣ್ಣದ ಧೂಳು ಉದುರಿಸಿದಂತೆ ಕಾಣಿಸುವ ಒಂದು ರೋಗವು ಕೆಲವೇ ದಿನಗಳಲ್ಲಿ ತೊಟ್ಟಿಯನ್ನು ಬರಿದುಮಾಡುವದಂತೆ. ಆದರೆ ರೋಗವು ಒಂದೇ ರಾತ್ರಿಯಲ್ಲಿ ನಾಲ್ಕು ಮನೆಗಳ ಬಾಗಿಲನ್ನು ಕೂಡಿಯೇ ತಟ್ಟುವದು ಅಪರೂಪ; ಮೊದಲು ಒಂದು ಮೀನು ಉಣ್ಣುವದನ್ನು ಬಿಡುವದು, ಮೈಯನ್ನು ಕಲ್ಲಿಗೆ ಉಜ್ಜುವದು, ಬಣ್ಣಗುಂದುವದು. ಇಂಥ ಯಾವ ಲಕ್ಷಣವನ್ನೂ ಮೊಮ್ಮಗನು ಕಂಡಿರಲಿಲ್ಲ. ಅವನ ಕಣ್ಣಿಗೆ ಅದು ಬೀಳದೆ ಹೋಗುವಂತಿರಲಿಲ್ಲ. ಹೊಸ ಮೀನೊಂದನ್ನೂ ಆರು ತಿಂಗಳಿನಿಂದ ತಂದಿರಲಿಲ್ಲ.

“ತೆರೆದ ಬಾಯಿ, ಅರಳಿದ ಕಿವಿರು, ಬದುಕಿದ್ದು ನೀರಿನ ಮ್ಯಾಲೆ, ಸತ್ತದ್ದು ರಾತ್ರಿ ಹೊತ್ತಿನ್ಯಾಗ. ಉಸಿರು ಕಟ್ಟೇದ್ರಿ ಸರ. ರಾತ್ರಿ ಕರೆಂಟು ಹೋಗಿತ್ತೇನ್ರಿ?” ಎಂದು ಅವನ ಮುಂದಿನ ಪ್ರಶ್ನೆ. ಹೋಗಿತ್ತು. ಗಾಳಿಮಳೆಗೆ ಎಲ್ಲಿಯೋ ತಂತಿಯ ಮೇಲೆ ಮರದ ಟೊಂಗೆ ಬಿದ್ದು ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಊರೆಲ್ಲ ಕತ್ತಲೆಯಾಗಿತ್ತು. ಪಂಪೂ ಗುಳ್ಳೆಯ ಯಂತ್ರವೂ ಅಷ್ಟು ಹೊತ್ತು ನಿಂತಿದ್ದವು.

ಇಷ್ಟಕ್ಕೆ ಮಗನು ಸಮಾಧಾನಪಟ್ಟು, ಕಾರಣವು ದೊರೆಯಿತೆಂದು ಏಳತೊಡಗಿದನು. ಆದರೆ ಈ ಸಾರೆ ನನ್ನ ನ್ಯಾಯಶಾಸ್ತ್ರವು ಎಚ್ಚತ್ತಿತ್ತು. ಕಾರಣವೆಂದು ಹೇಳಬೇಕಾದರೆ ಎರಡು ಪರೀಕ್ಷೆಗಳುಂಟು. ಅದು ಇದ್ದಲ್ಲೆಲ್ಲ ಕಾರ್ಯವು ಇರಬೇಕು, ಇದು ಅನ್ವಯ. ಅದು ಇಲ್ಲದಲ್ಲಿ ಕಾರ್ಯವು ಇರಬಾರದು, ಇದು ವ್ಯತಿರೇಕ. ಹಿಂದಿನ ತಿಂಗಳಲ್ಲಿಯೂ ಒಂದು ರಾತ್ರಿ ಇಷ್ಟೇ ಹೊತ್ತು ವಿದ್ಯುತ್ತು ಹೋಗಿತ್ತೆಂದೂ, ಆಗ ಮೀನುಗಳಿಗೆ ಏನೂ ಆಗಲಿಲ್ಲವೆಂದೂ ಸೊಸೆಯು ನೆನಪಿಸಿದಳು. ಅಂದಮೇಲೆ ಬರಿಯ ಕತ್ತಲೆಯೇ ಕಾರಣವಾಗಲಾರದು. ಆ ರಾತ್ರಿಗೂ ಈ ರಾತ್ರಿಗೂ ನಡುವೆ ತೊಟ್ಟಿಯಲ್ಲಿ ಏನೋ ಬದಲಾಗಿರಬೇಕು. ಶಿಷ್ಯನೂ ಅದನ್ನೇ ಹೇಳಿ, ಕಲ್ಲುಗಳನ್ನು ಎತ್ತಿ ನೋಡಿರೆಂದನು.

ಚಿಕ್ಕ ಮೀನನ್ನೂ ಏಡಿಯನ್ನೂ ಹೊಸದಾಗಿ ಕಲಸಿದ ಉಪ್ಪುನೀರಿನ ಬಕೆಟ್ಟಿನಲ್ಲಿ, ಗಾಳಿಯ ಗುಳ್ಳೆಯ ಕೆಳಗೆ ಇಟ್ಟೆವು. ಮಗನು ಹಿಂದಿನ ಮೂಲೆಯ ಕಲ್ಲನ್ನೆತ್ತಿದನು. ಅದರ ಕೆಳಗೆ, ನೀರಿನ ಓಟವು ತಲಪದ ಪೊಳ್ಳಿನಲ್ಲಿ, ಒಂದು ಹಿಡಿಯಷ್ಟು ಊದಿಕೊಂಡು ಬಿಳಿಯ ಬೂಷ್ಟು ಹಿಡಿದ ಕಾಳುಗಳು ರಾಶಿಯಾಗಿದ್ದವು. ಮರಳು ಅಲ್ಲಿ ಕಪ್ಪಾಗಿತ್ತು. ಕೆದಕಿದರೆ ಕೊಳೆತ ಮೊಟ್ಟೆಯ ನಾತವು ಬಂದಿತು. ಅದು ಮೀನಿನ ಆಹಾರ. “ನಾನು ಮುಂಜಾನೆ ಒಂದು ಸಾರೆ ಒಂದು ಚಿಟಿಕೆ ಹಾಕುತ್ತೇನೆ, ಎರಡು ನಿಮಿಷದಲ್ಲಿ ತಿಂದು ಮುಗಿಸುತ್ತವೆ. ಇಷ್ಟೊಂದು ಎಲ್ಲಿಂದ ಬಂತು?” ಎಂದು ಮಗನು ಕೇಳಿದನು.

ಯಾರೂ ಮಾತನಾಡಲಿಲ್ಲ. ಆಮೇಲೆ ಮೊಮ್ಮಗನು ಮೆಲ್ಲಗೆ, “ಅಜ್ಜಾ, ನೀವು ರಾತ್ರಿ ಹಾಕತಿದ್ದಿರಲ್ಲಾ” ಎಂದನು.

ಹೌದು. ಉಣ್ಣುವ ಮೊದಲು ಕಾಗೆಗೊಂದು ತುತ್ತು, ಆಕಳಿಗೊಂದು ತುತ್ತು ತೆಗೆದಿಡುವದು ನಮ್ಮ ಮನೆತನದ ರೂಢಿ. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದಷ್ಟೆ. ಮಗನ ಮನೆಗೆ ಬಂದಮೇಲೆ, ಕಣ್ಣೆದುರಿಗೆ ಐದು ಜೀವಿಗಳು ತೇಲಾಡುತ್ತಿರಲು ನಾನೊಬ್ಬನೇ ಹೇಗೆ ಉಣ್ಣಲಿ ಎಂದು, ದಿನಾಲು ರಾತ್ರಿ ಡಬ್ಬಿಯಿಂದ ಎರಡು ಮೂರು ಚಿಟಿಕೆ ಆಹಾರವನ್ನು ತೊಟ್ಟಿಗೆ ಉದುರಿಸುತ್ತಿದ್ದೆನು. ದೀಪವು ಆರಿದ ಮೇಲೆ ಮೀನುಗಳು ಕಲ್ಲಿನ ಸಂದಿಯಲ್ಲಿ ಮಲಗುವವೆಂಬದು ನನಗೆ ತಿಳಿದಿರಲಿಲ್ಲ. ಉದುರಿದ ಕಾಳುಗಳು ತೇಲಿ, ನೆನೆದು, ಮುಳುಗಿ, ನೀರಿನ ಸೆಳವಿನೊಡನೆ ಹಿಂದಿನ ಮೂಲೆಗೆ ಸೇರುತ್ತಿದ್ದವು. ಹದಿನೈದು ದಿನ ಹೀಗೆ ನಡೆದಿತ್ತು.

ಇದರಿಂದ ಉಸಿರು ಹೇಗೆ ಕಟ್ಟಿತೆಂಬದನ್ನು ಶಿಷ್ಯನು ಲೆಕ್ಕದಿಂದ ತೋರಿಸಿದನು. ಲೆಕ್ಕವನ್ನು ಕೇಳಿ ನನಗೆ ಬೆವರು ಬಂದಿತು. ನಾವು ಉಸಿರಾಡುವ ಒಂದು ಲೀಟರು ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಂ ಪ್ರಾಣವಾಯುವುಂಟು. ೨೫ ಅಂಶ ಸೆಲ್ಸಿಯಸ್ ಶಾಖದ ಒಂದು ಲೀಟರು ಸಿಹಿನೀರಿನಲ್ಲಿ ಕರಗಿ ನಿಲ್ಲುವದು ಸುಮಾರು ೮ ಮಿಲಿಗ್ರಾಂ ಮಾತ್ರ. ಕಡಲನೀರಿನಲ್ಲಿ ಅದಕ್ಕೂ ಕಡಿಮೆ, ಏಳಕ್ಕಿಂತ ತುಸು ಒಳಗೆ. ಅಂದರೆ ಉಪ್ಪುನೀರಿನ ಮೀನು ನಮ್ಮ ಗಾಳಿಯ ನಲವತ್ತನೆಯ ಒಂದು ಪಾಲಿನಲ್ಲಿ ಬಾಳುವೆ ಮಾಡಬೇಕು. ನೀರು ಬಿಸಿಯಾದಷ್ಟೂ, ಉಪ್ಪಾದಷ್ಟೂ ಈ ಪಾಲು ಇನ್ನೂ ಕುಗ್ಗುವದು. ನಮ್ಮ ತೊಟ್ಟಿಯ ೧೫೦ ಲೀಟರಿಗೆ ಲೆಕ್ಕ ಹಾಕಿದರೆ ಒಟ್ಟು ಸಂಗ್ರಹವು ಸುಮಾರು ಒಂದೇ ಒಂದು ಗ್ರಾಂ! ಐದು ಮೀನು, ಒಂದು ಏಡಿ, ಕಲ್ಲು ಮರಳುಗಳಲ್ಲಿ ನೆಲೆಸಿದ ಅಸಂಖ್ಯ ಸೂಕ್ಷ್ಮಜೀವಿಗಳು. ಎಲ್ಲಕ್ಕೂ ಸೇರಿ ಗಂಟಿನಲ್ಲಿರುವದು ಇಷ್ಟೇ. ಪಂಪು ನಡೆಯುತ್ತಿರುವಾಗ ನೀರಿನ ಮೇಲ್ಮೈ ಕದಡಿ ಗಾಳಿಯಿಂದ ಹೊಸ ಪ್ರಾಣವಾಯುವು ಕರಗುತ್ತಲೇ ಇರುತ್ತದೆ. ದಿನಗೂಲಿಯವನ ಸಂಸಾರದಂತೆ ಅಂದಿನ ಗಳಿಕೆ ಅಂದಿನ ವೆಚ್ಚಕ್ಕೆ ಸರಿಹೋಗುತ್ತದೆ.

ಇಂಥ ಸಂಸಾರಕ್ಕೆ ನಾನು ಒಬ್ಬ ದುಂದುಗಾರ ಅತಿಥಿಯನ್ನು ತಂದಿರಿಸಿದ್ದೆನು. ಒಂದು ಗ್ರಾಂ ಒಣ ಆಹಾರವು ಪೂರ್ತಿ ಕೊಳೆತುಹೋಗಲು ಒಂದು ಗ್ರಾಮಿಗಿಂತ ಹೆಚ್ಚು ಪ್ರಾಣವಾಯು ಬೇಕು. ಕೊಳೆಯಿಸುವ ಸೂಕ್ಷ್ಮಜೀವಿಗಳು ಅದನ್ನು ಹಗಲಿರುಳು ನೀರಿನಿಂದಲೇ ಹೀರುತ್ತವೆ. ಪಂಪು ನಡೆಯುವವರೆಗೆ ವೆಚ್ಚವು ಹೇಗೋ ಸಾಗಿತ್ತು; ಆದಕಾರಣವೇ ಹದಿನೈದು ದಿನ ನಮಗೆ ಏನೂ ಕಾಣಿಸಲಿಲ್ಲ. ಆ ರಾತ್ರಿ ಗಳಿಕೆ ನಿಂತಿತು, ವೆಚ್ಚ ನಿಲ್ಲಲಿಲ್ಲ. ಬೆಳಗಾಗುವದರೊಳಗೆ ಗಂಟು ಬರಿದಾಯಿತು. ದೊಡ್ಡವು ಮೊದಲು ಬಿದ್ದವು. ಎಲ್ಲಕ್ಕೂ ಚಿಕ್ಕದು ಮೇಲ್ಮೈಗೆ ಬಂದು ಗಾಳಿಯನ್ನು ತಾಗಿದ ತೆಳುವಾದ ನೀರಿನ ಪದರನ್ನು ನಂಬಿ ಉಳಿಯಿತು. ಏಡಿಯೂ ಅದಕ್ಕಾಗಿಯೇ ಕಲ್ಲಿನ ತುದಿಗೇರಿತ್ತು. ಹೀಗೆ ಸಾವು ಒಂದೇ ರಾತ್ರಿಯದಾಗಿ ಕಂಡರೂ ಅದರ ಸಿದ್ಧತೆಯು ಹದಿನೈದು ರಾತ್ರಿಗಳದು.

ಕೊಳೆಯುವದರ ಇನ್ನೊಂದು ಕೆಡುಕೂ ಉಂಟು. ಮೀನಿನ ಮಲದಿಂದಲೂ ಮಿಕ್ಕ ಆಹಾರದಿಂದಲೂ ಅಮೋನಿಯಾ ಹುಟ್ಟುವದು. ಅದು ಕಿವಿರನ್ನು ಸುಡುವ ವಿಷ. ಶೋಧಕದ ಸ್ಪಂಜಿನಲ್ಲಿಯೂ ಕಲ್ಲುಗಳಲ್ಲಿಯೂ ವಾಸಿಸುವ ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ, ಇನ್ನೊಂದು ಜಾತಿಯವು ಅದನ್ನು ಅಷ್ಟು ಬಾಧಕವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ರಷಿಯದ ವಿನೊಗ್ರಾಡ್‌ಸ್ಕಿ ಎಂಬ ಪಂಡಿತನು ೧೮೯೦ರ ಸುಮಾರಿಗೆ ಈ ಉಪಕಾರಿ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಇವುಗಳಿಗೂ ಪ್ರಾಣವಾಯು ಬೇಕು; ಅದಿಲ್ಲದಾಗ ಇವೂ ಕೈಕಟ್ಟಿ ಕೂಡುವವು. ಕಡಲನೀರು ತುಸು ಕ್ಷಾರಗುಣವುಳ್ಳದ್ದಾದ್ದರಿಂದ ಅದರಲ್ಲಿ ಅಮೋನಿಯದ ವಿಷಾಂಶವು ಸಿಹಿನೀರಿಗಿಂತ ಹೆಚ್ಚು ತೀಕ್ಷ್ಣವಾಗುವದು. ಹುಬ್ಬಳ್ಳಿಯಿಂದ ಪರೀಕ್ಷೆಯ ಸಾಮಗ್ರಿಯನ್ನು ತರಿಸಿ ನೋಡಲಾಗಿ, ಶೂನ್ಯವಿರತಕ್ಕ ಅಮೋನಿಯವು ನಮ್ಮ ತೊಟ್ಟಿಯ ನೀರಿನಲ್ಲಿ ಬಣ್ಣವನ್ನು ಹಸಿರಾಗಿಸುವಷ್ಟು ಇತ್ತು.

ಆದರೂ ನನ್ನ ಮನಸ್ಸಿಗೆ ಕಣ್ಣಾರೆ ಕಾಣಬೇಕೆನಿಸಿತು. ಹಂಗೇರಿಯ ವಿಂಕ್ಲರ್ ಎಂಬ ರಸಾಯನಜ್ಞನು ೧೮೮೮ರಲ್ಲಿ ನೀರಿನೊಳಗಿನ ಪ್ರಾಣವಾಯುವನ್ನು ಅಳೆಯುವ ಒಂದು ಉಪಾಯವನ್ನು ಪ್ರಕಟಿಸಿದನು. ಕೆಲವು ದ್ರವಗಳನ್ನು ಒಂದಾದಮೇಲೊಂದರಂತೆ ಬೆರಸಿದರೆ ನೀರು ಹಳದಿಯಾಗುವದು. ಪ್ರಾಣವಾಯು ಹೆಚ್ಚಿದ್ದಷ್ಟು ಹಳದಿ ಗಾಢ. ಅದೇ ತತ್ತ್ವದ ಚಿಕ್ಕ ಪೆಟ್ಟಿಗೆಯೊಂದು ಈಗ ಅಂಗಡಿಯಲ್ಲಿ ದೊರೆಯುವದು. ಮೊಮ್ಮಗನೂ ನಾನೂ ಎರಡು ಗಾಜಿನ ಭರಣಿಗಳಿಗೆ ತೊಟ್ಟಿಯ ನೀರನ್ನು ಸಮನಾಗಿ ತುಂಬಿ, ಒಂದಕ್ಕೆ ಮಾತ್ರ ಎರಡು ಚಿಟಿಕೆ ಆಹಾರವನ್ನು ಹಾಕಿ, ಎರಡನ್ನೂ ಗಾಳಿಯಾಡದಂತೆ ಮುಚ್ಚಿ ಕತ್ತಲೆಯಲ್ಲಿಟ್ಟೆವು. ಎರಡು ದಿನದ ಮೇಲೆ ಪರೀಕ್ಷಿಸಿದಾಗ ಬರಿಯ ನೀರು ಚೆನ್ನಾಗಿ ಹಳದಿಯಾಯಿತು. ಆಹಾರದ ನೀರು ಬಹುತೇಕ ಬಣ್ಣವಿಲ್ಲದೆ ಉಳಿಯಿತು. ಅನ್ವಯ ವ್ಯತಿರೇಕಗಳು ಎರಡು ಭರಣಿಗಳಲ್ಲಿ ಎದುರುಬದುರಾಗಿ ನಿಂತಿದ್ದವು. ಹುಡುಗನು ಒಮ್ಮೆ ಭರಣಿಗಳ ಕಡೆಗೂ ಒಮ್ಮೆ ನನ್ನ ಕಡೆಗೂ ನೋಡಿ, ಏನೂ ಅನ್ನದೆ ನನ್ನ ಬೆರಳನ್ನು ಹಿಡಿದುಕೊಂಡನು.

ಇದು ಗಾಜಿನ ತೊಟ್ಟಿಯ ಮಾತಷ್ಟೇ ಎಂದು ಯಾರೂ ತಿಳಿಯಬಾರದು. ಬೆಂಗಳೂರಿನ ಸ್ಯಾಂಕಿ ಕೆರೆಯಲ್ಲಿ ೧೯೯೫ರಲ್ಲಿ ಮೀನುಗಳು ಇದ್ದಕ್ಕಿದ್ದಂತೆ ಸತ್ತಾಗ ಸಂಶೋಧಕರು ಕೆರೆಯ ನೀರನ್ನು ಪರೀಕ್ಷಿಸಿದರು. ಕೆರೆಗೆ ಬಿಟ್ಟ ಚರಂಡಿಯ ಕೊಳಕಿನಿಂದ ಕೆಲವು ಸ್ಥಳಗಳಲ್ಲಿ ಪ್ರಾಣವಾಯುವು ಒಮ್ಮೆಲೆ ಕುಸಿದು ಮೀನುಗಳು ಉಸಿರುಗಟ್ಟಿ ಸತ್ತವೆಂದು ನಿರ್ಣಯವಾಯಿತು. ೨೦೧೬ರ ಮಾರ್ಚಿಯಲ್ಲಿ ಅದೇ ಪಟ್ಟಣದ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗಲೂ ಕೊಳಚೆಯ ನೀರು, ಬೇಸಿಗೆಯ ಶಾಖ, ಕುಗ್ಗಿದ ಪ್ರಾಣವಾಯು ಇವುಗಳ ಮಾತೇ ಬಂದಿತು. ಅಲ್ಲಿ ಪಟ್ಟಣದ ಚರಂಡಿ, ಇಲ್ಲಿ ಅಜ್ಜನ ಚಿಟಿಕೆ. ನೀರಿಗೆ ಎರಡೂ ಒಂದೇ. ಕೊಳೆಯುವದನ್ನು ಅದಕ್ಕೆ ಒಪ್ಪಿಸಿದರೆ ಅದು ತನ್ನ ಉಸಿರನ್ನು ತೆತ್ತು ಅದನ್ನು ಅರಗಿಸಿಕೊಳ್ಳುವದು.

ಹೀಗೆ ಗಾಜಿನಲ್ಲಿ ನೀರನ್ನು ಕೆಡದಂತೆ ಇಡುವ ವಿದ್ಯೆಯೇ ಈ ಅರಿವಿನಿಂದ ಹುಟ್ಟಿದ್ದು. ಲಂಡನ್ನಿನ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಜ್ಞನು ೧೮೫೦ರಲ್ಲಿ ಒಂದು ಗಾಜಿನ ಪಾತ್ರೆಯಲ್ಲಿ ಮೀನುಗಳನ್ನೂ ನೀರಿನ ಸಸ್ಯವನ್ನೂ ಕೂಡಿಯೇ ಇಟ್ಟ ಪ್ರಯೋಗವನ್ನು ವಿದ್ವತ್ಸಭೆಗೆ ನಿವೇದಿಸಿದನು. ಸಸ್ಯವು ಪ್ರಾಣವಾಯುವನ್ನು ಕೊಡುತ್ತಿತ್ತು. ಆದರೆ ಅದರ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಅವನು ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟನು, ನೀರು ತಿಳಿಯಾಯಿತು. ಮೂರು ವರ್ಷಗಳ ತರುವಾಯ, ೧೮೫೩ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಜನರಿಗಾಗಿ ಮೀನಿನ ಮನೆಯು ತೆರೆಯಿತು. ಮೊದಲಿನಿಂದಲೂ ಈ ವಿದ್ಯೆಯ ಅರ್ಧಭಾಗವು ಮೀನನ್ನು ಸಾಕುವದಲ್ಲ, ಮಿಕ್ಕುದನ್ನು ತೆಗೆಯುವದು.

ಮನೆಯಲ್ಲಿ ಇಂಥ ತೊಟ್ಟಿಯನ್ನಿಟ್ಟುಕೊಂಡ ವಾಚಕರಿಗಾಗಿ ಶಿಷ್ಯನು ಹೇಳಿದ ಕೆಲವು ಮಾತುಗಳನ್ನು ಬರೆದಿಡುತ್ತೇನೆ. ಮೀನುಗಳು ಇದ್ದಕ್ಕಿದ್ದಂತೆ ಸತ್ತರೆ ಗಾಬರಿಯಿಂದ ನೀರನ್ನೆಲ್ಲ ಚೆಲ್ಲಬಾರದು. ಒಂದು ಬಾಟಲಿಯನ್ನಾದರೂ ಪರೀಕ್ಷೆಗಾಗಿ ತೆಗೆದಿಡಬೇಕು. ಸತ್ತವನ್ನು ಕೂಡಲೆ ತೆಗೆಯಬೇಕು. ಬದುಕಿದ್ದವು ಮೇಲ್ಮೈಯಲ್ಲಿ ಬಾಯಿಬಿಡುತ್ತಿದ್ದರೆ ಗಾಳಿಯೇ ಮೊದಲ ಚಿಕಿತ್ಸೆ: ವಿದ್ಯುತ್ತು ಇಲ್ಲದಿದ್ದರೆ ತಂಬಿಗೆಯಿಂದ ತೊಟ್ಟಿಯ ನೀರನ್ನೇ ತುಂಬಿ ಒಂದು ಗೇಣು ಮೇಲಿನಿಂದ ಮತ್ತೆ ಮತ್ತೆ ಸುರಿಯಬೇಕು, ತಂಬಿಗೆ ತಾಮ್ರದ್ದಾಗಿರಬಾರದು. ಬ್ಯಾಟರಿಯಿಂದ ನಡೆಯುವ ಗಾಳಿಯ ಯಂತ್ರವೊಂದು ನಮ್ಮ ಕಡೆಯ ಮಳೆಗಾಲಕ್ಕೆ ಅವಶ್ಯ. ಆಮೇಲೆ ನೀರಿನ ಕಾಲುಭಾಗವನ್ನು ಅಷ್ಟೇ ಉಪ್ಪು, ಅಷ್ಟೇ ಶಾಖವುಳ್ಳ ಹೊಸ ನೀರಿನಿಂದ ಬದಲಿಸಬಹುದು. ರೋಗವು ಯಾವುದೆಂದು ತಿಳಿಯದೆ ಔಷಧವನ್ನು ಸುರಿಯಬಾರದು. ಮೀನಿನ ಎಷ್ಟೋ ಔಷಧಗಳಲ್ಲಿ ತಾಮ್ರವಿದ್ದು ಅವು ಏಡಿಯನ್ನು ಕೊಲ್ಲುವವು. ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗೆ ತೊಳೆಯಬಾರದು. ನಲ್ಲಿನೀರಿನ ಕ್ಲೋರಿನ್ನು ಅದರಲ್ಲಿರುವ ಉಪಕಾರಿ ಜೀವಿಗಳನ್ನು ನಾಶಮಾಡುವದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದನ್ನು ಹಿಂಡಿದರೆ ಸಾಕು. ನೀರು ಆವಿಯಾಗಿ ಇಳಿದರೆ ತುಂಬಬೇಕಾದದ್ದು ಸಿಹಿನೀರು, ಉಪ್ಪುನೀರಲ್ಲ. ಆವಿಯೊಡನೆ ಉಪ್ಪು ಹೋಗಿರುವದಿಲ್ಲ. ಮತ್ತು ಆಹಾರದ ಡಬ್ಬಿಯು ಮನೆಯಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಇರಬೇಕು.

ಇನ್ನು ಹೇಳದೆ ಬಿಡಲಾಗದ ಒಂದು ಮಾತು. ಭರಣಿಗಳ ಪರೀಕ್ಷೆಗಾಗಿ ನಾನು ಕಾಯಲಿಲ್ಲ. ಕಲ್ಲಿನ ಕೆಳಗಿನ ರಾಶಿಯನ್ನು ಕಂಡ ಸಂಜೆಯೇ ಕೊಡೆಯನ್ನು ಹಿಡಿದು ಆ ಹೆಣ್ಣುಮಗಳ ಮನೆಗೆ ಹೋದೆನು. ಮೊಮ್ಮಗನು ಸಂಗಡ ಬಂದನು. ಆಕೆ ಒಲೆಯ ಮುಂದಿದ್ದಳು. ಎದ್ದು ಸೆರಗನ್ನು ಸರಿಪಡಿಸಿಕೊಂಡು ಕುಳಿತುಕೊಳ್ಳಲು ಚಾಪೆಯನ್ನು ಹಾಸಿದಳು. ನಾನು ಬಂದ ಕಾರಣವನ್ನು ಹೇಳಬೇಕಾಗಿತ್ತು. ಇಷ್ಟು ವರ್ಷ ತರಗತಿಯಲ್ಲಿ ಮಾತನಾಡಿದವನಿಗೆ ಆಗ ವಾಕ್ಯವು ಕೂಡಲಿಲ್ಲ. “ತಪ್ಪು ನಂದೇ ಅವ್ವಾ. ಮೀನು ಸತ್ತದ್ದು ನನ್ನ ಕೈಯಿಂದ, ನಿನ್ನನ್ನು ಅಂದದ್ದೂ ನಾನೇ” ಎಂದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಉಣ್ಣಾಕ ಹಾಕಿದ್ರಿ ಅಜ್ಜಾರ, ಅದರಾಗ ಕೆಟ್ಟ ಮನಸು ಇರಲಿಲ್ಲ. ನನ್ನ ಮಾತು ಕೇಳಬೇಕಿತ್ತು, ಅಷ್ಟೇರಿ” ಎಂದಳು. ನಮಗಿಬ್ಬರಿಗೂ ಚಹಾ ಕೊಟ್ಟಳು. ಮರುದಿನ ಕೆಲಸಕ್ಕೆ ಬಂದಳು.

ಅನ್ವಯ ವ್ಯತಿರೇಕಗಳನ್ನು ನಾನು ಗ್ರಂಥದಲ್ಲಿ ಓದಿದ್ದೆನು; ಆಕೆ ಎರಡು ವರ್ಷ ನೆಲವನ್ನೊರೆಸಿ ಅರಿತಿದ್ದಳು. ಮೀನಿನ ತೊಟ್ಟಿಯಲ್ಲಿಯೇ ಆಗಲಿ, ಸಂಸಾರದಲ್ಲಿಯೇ ಆಗಲಿ, ಅನಾಹುತವಾದಾಗ ಎದುರಿಗೆ ಬಂದವರ ಮೇಲೆ ಬೆರಳು ತೋರಿಸುವದಕ್ಕಿಂತ ಮೊದಲು ಇತ್ತೀಚೆಗೆ ಏನು ಬದಲಾಯಿತೆಂದು ಕೇಳಿಕೊಳ್ಳುವದು ಒಳ್ಳೆಯದು. ಆ ಬದಲಾದ ವಸ್ತುವು ನಾವೇ ಆಗಿರಬಹುದು.

ಚಿಕ್ಕ ಕ್ಲೌನ್ ಮೀನು ಬದುಕಿಕೊಂಡಿತು. ತೊಟ್ಟಿಯನ್ನು ಎರಡು ತಿಂಗಳು ಹಾಗೆಯೇ ನಡೆಯಿಸಿ, ಅಮೋನಿಯವು ಶೂನ್ಯಕ್ಕೆ ಇಳಿದು ಅಲ್ಲಿಯೇ ನಿಂತ ಬಳಿಕ ಅದಕ್ಕೊಂದು ಜೊತೆಯನ್ನು ತಂದರು. ಮಾವಶಿಯು ಈಗಲೂ ಅದೇ ಫಿನೈಲಿನಿಂದ ಅದೇ ನೆಲವನ್ನು ಒರೆಸುತ್ತಾಳೆ. ನಾನು ಹಂಚನ್ನು ದುರಸ್ತಿಮಾಡಿಸಿ ನನ್ನ ಮನೆಗೆ ಮರಳಿದ್ದೇನೆ. ರವಿವಾರಗಳಲ್ಲಿ ಮಗನಲ್ಲಿಗೆ ಊಟಕ್ಕೆ ಹೋದಾಗ ತೊಟ್ಟಿಯ ಮುಂದೆ ಕೈಕಟ್ಟಿಕೊಂಡು ಕೂಡುತ್ತೇನೆ. ಕಾಗೆಯ ತುತ್ತನ್ನು ಹೊರಗೆ ಕಾಗೆಗೇ ಇಡುತ್ತೇನೆ.